ಕಿರುಬೆರಳಿನ ಉಂಗುರ

ಅಂಗೈ ತೋರಿಸಿ ಒಂದು ನಗರವನ್ನೇ ಗೆದ್ದುಕೊಳ್ಳಬಹುದೆಂದು ಅವನಿಗೆ ಆ ದಿನದವರೆಗೂ ಗೊತ್ತಿರಲಿಲ್ಲ.

ಅವನು ನಗರದ ಕೇಬಲ್ಲು ಗುತ್ತಿಗೆಯ ಸಮಿತಿಯ ಮುಂದಿಟ್ಟದ್ದು ಉಂಗುರ. ಇಡೀ ನಗರವನ್ನು ಬಳಸಿಕೊಂಡು ನೆಲದಡಿಯಲ್ಲಿ ಓಡುವ, ಹೊರಟಲ್ಲಿಗೇ ಮರಳಿ ಬಂದು ಸೇರುವ ಗಾಜಿನೆಳೆಯ ಕೇಬಲ್ಲು. ಎಲ್ಲಾದರೂ ಒಂದೆಡೆ ತುಂಡಾಯಿತೆನ್ನಿ, ಬೆಳಕು ಇನ್ನೊಂದು ದಿಕ್ಕಿನಿಂದ ಸುತ್ತಿ ಹೋಗಿ ಮುಟ್ಟುತ್ತದೆ. ಫೋನಿನಲ್ಲಿ ಜಗಳವಾಡುತ್ತಿರುವ ಗಂಡ ಹೆಂಡತಿಗೆ ಒಂದು ಬೈಗುಳವೂ ತಪ್ಪಿಹೋಗುವುದಿಲ್ಲ. ಇದನ್ನು ಅವನು ನಕ್ಷೆ ಹಾಸಿ, ಕೋಲು ಹಿಡಿದು, ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಸದಸ್ಯರಲ್ಲಿ ಒಬ್ಬ ಆಕಳಿಸಿದ. ಇನ್ನೊಬ್ಬ ಬಹಳ ಯೋಚಿಸಿದವನ ಹಾಗೆ ಹುಬ್ಬು ಗಂಟಿಕ್ಕಿ, "ತುಂಡಾದ ಜಾಗದಲ್ಲಿ ಬೆಳಕು ರಸ್ತೆಗೆ ಸೋರಲ್ವಾ?" ಎಂದು ಕೇಳಿದ.

ಆಮೇಲೆ ಭಾಮೈದ ಎದ್ದ. ಹೆಂಡತಿಯ ತಮ್ಮ, ಎದುರಾಳಿ ಕಂಪನಿಯ ವಿನ್ಯಾಸಗಾರ. ತಂದಿದ್ದ ನಕ್ಷೆಯ ಸುರುಳಿ ಬಿಚ್ಚಲೂ ಇಲ್ಲ. ಬಲಗೈ ಚಾಚಿ ಬೆರಳುಗಳನ್ನು ಅಗಲಿಸಿ ಹಿಡಿದ.

"ಇದು ಕೇಂದ್ರ ಕಚೇರಿ," ಎಂದು ಅಂಗೈ ತಟ್ಟಿದ. "ಇವು ಊರಿನ ಐದು ಭಾಗ. ಕಿರುಬೆರಳು ಪೂರ್ವ, ಹೆಬ್ಬೆರಳು ಪಶ್ಚಿಮ. ಯಾವ ಬೆರಳಾದ್ರೂ ನೇರ ಅಂಗೈಗೇ ಬರುತ್ತೆ ಮೇಡಂ. ಸುತ್ತಾಟ ಇಲ್ಲ. ಅರ್ಧ ಕೇಬಲ್ಲು ಸಾಕು."

ಅಧ್ಯಕ್ಷೆ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಆಕೆ ಮೇಜಿನ ಕೆಳಗೆ ತನ್ನದೇ ಅಂಗೈಯನ್ನು ಬಿಡಿಸಿ ನೋಡಿಕೊಂಡದ್ದನ್ನು ಅವನು ಕಣ್ಣಾರೆ ಕಂಡ. ತಾನು ಸೋತದ್ದು ಅವನಿಗೆ ಆ ಕ್ಷಣವೇ ತಿಳಿಯಿತು. ಬೆರಳನ್ನು ಬುಡದಲ್ಲಿ ಕಡಿದರೆ ಇಡೀ ಬೆರಳೇ ಹೋಗುತ್ತದೆ. ತರಕಾರಿ ಹೆಚ್ಚುವವರಿಗೂ ಗೊತ್ತಿರುವ ಈ ಮಾತು ಸಮಿತಿಗೆ ಗೊತ್ತಿರಲಿಲ್ಲ.

ಸೋಲಿಗಿಂತ ಸೋಲಿಸಿದವನು ಯಾರೆಂಬುದೇ ಅವನನ್ನು ಹೆಚ್ಚು ಚುಚ್ಚಿತು. ಭಾಮೈದನಿಗೆ ಈ ಕಸುಬು ಕಲಿಸಿದವನು ಅವನೇ. ಕೂದಲೆಳೆಯಂಥ ಎರಡು ಗಾಜಿನೆಳೆಗಳ ತುದಿಗಳನ್ನು ಉಸಿರು ಬಿಗಿಹಿಡಿದು ಬೆಸೆಯುವುದನ್ನು ಪಕ್ಕದಲ್ಲಿ ಕೂತು ಕಲಿಸಿದ್ದ. ಕೇಬಲ್ಲಿನಲ್ಲಿ ಬೆಳಕು ನಿಂತರೆ ಫೋನು ಕೂಗಿಕೊಳ್ಳುವ ಹಾಗೆ ಮಾಡಿ, ಅದಕ್ಕೆ ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದ ಸದ್ದನ್ನು ಇಟ್ಟುಕೊಟ್ಟವನೂ ಅವನೇ. "ಸಂಗೀತ ಇಟ್ಕೊಂಡ್ರೆ ತಲೆದೂಗ್ತಾ ಕೂರ್ತೀಯ. ತಟ್ಟೆ ಬಿದ್ರೆ ಎದ್ದು ಓಡ್ತೀಯ," ಎಂದಿದ್ದ. ಭಾಮೈದ ಕಂಪನಿ ಬದಲಿಸಿದ, ಕಾರು ಬದಲಿಸಿದ, ಆ ಸದ್ದನ್ನು ಮಾತ್ರ ಬದಲಿಸಲಿಲ್ಲ. ಸ್ವಂತದ್ದೊಂದು ಸದ್ದನ್ನು ಹುಡುಕಿಕೊಳ್ಳುವಷ್ಟೂ ತಲೆಯಿಲ್ಲ ಎಂದು ಅವನು ಅಂದುಕೊಂಡಿದ್ದ.

ಮೊದಲ ಹಂತದ ಕೆಲಸ ಭಾಮೈದನ ಕಂಪನಿಗೆ ಹೋಯಿತು. ಪೂರ್ವದ ಕಿರುಬೆರಳು ನೆಲಕ್ಕಿಳಿಯಿತು. ಆಸ್ಪತ್ರೆ, ಅಗ್ನಿಶಾಮಕ ಠಾಣೆ, ಮೊಬೈಲ್ ಗೋಪುರಗಳು ಎಲ್ಲವೂ ಆ ಒಂದು ಎಳೆಗೆ ಜೋತುಬಿದ್ದವು. ಇತ್ತ ಅವನ ಕಚೇರಿಯಲ್ಲಿ ಅವನ ಮೇಜನ್ನು ಕಿಟಕಿಯ ಪಕ್ಕದಿಂದ ಎತ್ತಿ ಕುಡಿಯುವ ನೀರಿನ ಯಂತ್ರದ ಪಕ್ಕಕ್ಕೆ ಇಟ್ಟರು. ಬಾಟಲಿ ತುಂಬಿಸಿಕೊಳ್ಳಲು ಬಂದವರೆಲ್ಲ ನೀರು ಬೀಳುವಷ್ಟು ಹೊತ್ತು ಅವನ ಮುಖ ನೋಡಬೇಕಾಗುತ್ತಿತ್ತು, ಏನಾದರೂ ಮಾತಾಡಲೇಬೇಕಾಗುತ್ತಿತ್ತು. "ಏನ್ ಮೇಷ್ಟ್ರೇ, ಉಂಗುರ ಕೊನೆಗೆ ಯಾರಿಗೆ ತೊಡಿಸಿದ್ರಿ?" ಬೆನ್ನ ಹಿಂದೆ ಅವನ ಹೆಸರೇ ಉಂಗುರದ ಮೇಷ್ಟ್ರು ಎಂದಾಗಿತ್ತು.

ಉಳಿದ ನಾಲ್ಕು ಬೆರಳುಗಳ ತೀರ್ಮಾನ ಮಾತ್ರ ಬಾಕಿ ಇತ್ತು. ಪೂರ್ವ ಹೇಗೆ ನಡೆಯುತ್ತಿದೆ ಎಂದು ನೋಡಿ, ಸಮಿತಿ ಇನ್ನೊಮ್ಮೆ ಎರಡೂ ಕಡೆಯ ಮಾತು ಕೇಳುವುದೆಂದಾಗಿತ್ತು. ಆ ಸಭೆಯೂ ಕೈಬಿಟ್ಟರೆ ತನ್ನ ಮೇಜು ಮುಂದೆ ಎಲ್ಲಿಗೆ ಹೋಗುತ್ತದೆಂದು ಅವನು ಅಳೆದು ನೋಡಿದ್ದ. ನೀರಿನ ಯಂತ್ರದಿಂದಾಚೆಗೆ ಇದ್ದದ್ದು ಕೆಳಗಿಳಿಯುವ ಮೆಟ್ಟಿಲು ಮಾತ್ರ.

ಒಂದು ರಜೆಯ ದಿನ ಭಾಮೈದ ಊಟಕ್ಕೆ ಬಂದ. ಬಂದವನೇ ಅಕ್ಕನ ಅಡುಗೆಮನೆಗೆ ನುಗ್ಗಿ, ಮುಚ್ಚಳ ತೆಗೆದು ಮೂಸಿ, ಬೈಸಿಕೊಂಡು ಬಂದು ಮೇಜಿಗೆ ಕೂತ.

"ಏನ್ ಭಾವ, ಮಾತೇ ಇಲ್ಲ?"

"ಬೆರಳು ಎಣಿಸ್ತಾ ಇದೀನಿ," ಎಂದ ಅವನು. "ಎಷ್ಟು ದಿನ ಐದೇ ಇರುತ್ತೆ ಅಂತ."

"ಊಟದ ಹೊತ್ತಲ್ಲಿ ಕೇಬಲ್ಲು ಎಳೀಬೇಡಿ ರೀ," ಎಂದಳು ಹೆಂಡತಿ.

ಭಾಮೈದ ಬಾಯಿ ತುಂಬ ನಕ್ಕ. ಆ ನಗುವನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಲೋಟದ ನೀರಿಗೆ ಬೆರಳದ್ದಿ ಮೇಜಿನ ಮೇಲೆ ಐದು ಗೆರೆ ಎಳೆದ. ಕಿರುಬೆರಳಿನ ತುದಿಯಿಂದ ಹೊರಟು, ರೈಲು ಹಳಿಯ ಪಕ್ಕದಲ್ಲಿ ಹಾಯ್ದು ಅಂಗೈಗೆ ಬಂದು ಸೇರುವ ಇನ್ನೊಂದು ಗೆರೆಯನ್ನೂ ಎಳೆದ.

"ಇಷ್ಟು ಮಾಡಿದ್ರೆ ಒಂದು ಬೆರಳಾದ್ರೂ ಉಳೀತಿತ್ತು. ರೈಲಿನವರ ಖಾಲಿ ಕೊಳವೆ ಅಲ್ಲೇ ಬಿದ್ದಿದೆ, ಕೇಳೋರಿಲ್ಲ. ಆದ್ರೆ ಇದಕ್ಕೆಲ್ಲ ತಲೆ ಬೇಕಪ್ಪ. ಅಂಗೈ ಸಾಲದು."

ಭಾಮೈದ ನೀರಿನ ಗೆರೆಗಳನ್ನೇ ನೋಡುತ್ತ ಕೂತ. ತುತ್ತು ಕೈಯಲ್ಲೇ ಉಳಿಯಿತು. ಅರ್ಥವಾಗದವರ ಮೌನ ಹೀಗೇ ಇರುತ್ತದೆ, ಸ್ವಲ್ಪ ಬಾಯಿ ತೆರೆದುಕೊಂಡು, ಎಂದು ಅವನು ಮನಸ್ಸಿನಲ್ಲೇ ನಕ್ಕ. ಹೆಂಡತಿ ಬಟ್ಟೆ ತಂದು ಮೇಜು ಒರೆಸಿದಳು. ಗೆರೆಗಳ ಜೊತೆ ಮಾತೂ ಅಳಿಸಿಹೋಯಿತು.

ಅದಾದ ಮೇಲೆ ಭಾಮೈದ ಆಗಾಗ ಫೋನು ಮಾಡತೊಡಗಿದ. "ಭಾವ, ಒಂದ್ಸಲ ಸೈಟ್ ಕಡೆ ಬನ್ನಿ. ನಿಮಗೇನೋ ತೋರಿಸ್ಬೇಕು." ಗೆದ್ದವನಿಗೆ ತೋರಿಸಿಕೊಳ್ಳುವ ಚಟ. "ನಿನ್ನ ಕೈ ನೋಡಿ ಆಗಿದೆಯಲ್ಲಪ್ಪ, ಇನ್ನೇನು ಕಾಲು ತೋರಿಸ್ತೀಯಾ?" ಎಂದು ಹೇಳಿ ಅವನು ಫೋನು ಇಡುತ್ತಿದ್ದ. ಒಮ್ಮೆಯೂ ಹೋಗಲಿಲ್ಲ.

ದ್ವೇಷಕ್ಕೂ ವಿನ್ಯಾಸ ಬೇಕು. ಅದಿಲ್ಲದವರು ಕೋಪ ಬಂದಾಗ ಕತ್ತರಿ ಹಿಡಿದು ಹೊರಡುತ್ತಾರೆ. ಅವನು ಮೊದಲು ಬೇರೆಯವರು ಮಾಡಬಹುದಾದ ದಡ್ಡತನಗಳನ್ನೆಲ್ಲ ಒಂದೊಂದಾಗಿ ಯೋಚಿಸಿ ಪಕ್ಕಕ್ಕಿಟ್ಟ. ಗುಂಡಿಯ ಮುಚ್ಚಳ ತೆಗೆದು ಕೇಬಲ್ಲು ಕೊಯ್ದರೆ ಅಲಗಿನ ಗುರುತು ಉಳಿಯುತ್ತದೆ. ಇಲಿ ಕಡಿದ ಹಾಗೆ ಮಾಡಬಹುದು, ಆದರೆ ನಿಜವಾದ ಇಲಿ ಸಭೆಯ ದಿನ ನೋಡಿಕೊಂಡು ಕಡಿಯುವುದಿಲ್ಲ. ದುಡ್ಡು ಕೊಟ್ಟು ಮಾಡಿಸಿದರೆ, ದುಡ್ಡು ತೆಗೆದುಕೊಂಡವನ ಬಾಯಿ ಅವನ ಜೀವಮಾನವಿಡೀ ತೆರೆದಿರುತ್ತದೆ. ಇವೆಲ್ಲದರ ದೋಷ ಒಂದೇ: ಕಡಿದವನು ಒಬ್ಬ ಇದ್ದೇ ಇರುತ್ತಾನೆ. ಹಾಗಾದರೆ ಕಡಿಯುವುದಕ್ಕೆ ಪರವಾನಗಿ ಇರುವವನೇ, ಹಾಡಹಗಲಿನಲ್ಲಿ, ತಾನು ಏನು ಕಡಿಯುತ್ತಿದ್ದೇನೆಂದು ತಿಳಿಯದೆ, ಕಡಿಯಬೇಕು.

ಅದಕ್ಕೆ ಉತ್ತರ, ಬೀದಿಯ ಗೋಡೆಗೆ ಅಂಟಿಸಿದ್ದ ಪ್ರಕಟಣೆಯಲ್ಲೇ ಇತ್ತು. ಪೂರ್ವದ ರಸ್ತೆಯಲ್ಲಿ, ಹಳೆಯ ಸೇತುವೆಯ ಬುಡದಿಂದ, ನೀರು ಸರಬರಾಜಿನವರು ಹೊಸ ಕೊಳವೆ ಹೂಳಲು ಅಗೆಯುವವರಿದ್ದರು. ವಾಹನ ಸವಾರರು ಸಹಕರಿಸಬೇಕು. ಶುರು ಮಾಡುವ ದಿನ ಸಭೆಯ ದಿನವೇ, ಬೆಳಿಗ್ಗೆಯೇ. ಜೆಸಿಬಿ ನಡೆಸುವವನಿಗೆ ನೆಲದಡಿ ಎಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಅವನು ನಂಬುವುದು ಗುರುತುಕಲ್ಲನ್ನು: ಕಿತ್ತಳೆ ತಲೆಯ, ಮೊಣಕಾಲೆತ್ತರದ ಸಿಮೆಂಟಿನ ಕಲ್ಲು. ಕಲ್ಲು ಇದ್ದಲ್ಲಿ ಕೇಬಲ್ಲು ಇದೆ, ಅಗೆಯಬೇಡ ಎಂದರ್ಥ. ಸೇತುವೆಯ ಬುಡದಲ್ಲಿ ಅಂಥ ಎರಡು ಕಲ್ಲುಗಳಿದ್ದವು, ಕಾಲುದಾರಿಯ ಎಡಕ್ಕೆ. ಅವು ಬಲಕ್ಕೆ ಹೋದರೆ ಯಂತ್ರ ಎಡಕ್ಕೆ ಬರುತ್ತದೆ. ಬಹಳ ಎಚ್ಚರಿಕೆಯಿಂದ, ಬಹಳ ಜವಾಬ್ದಾರಿಯಿಂದ, ತನ್ನ ಹಲ್ಲುಗಳನ್ನು ನೇರ ಕೇಬಲ್ಲಿನ ಮೇಲೇ ಇಳಿಸುತ್ತದೆ.

ಆಮೇಲೆ ವಿಚಾರಣೆ ನಡೆಯುತ್ತದೆ. ಕಲ್ಲು ತಪ್ಪು ಜಾಗದಲ್ಲಿದೆ ಎಂದು ಗೊತ್ತಾಗುತ್ತದೆ. ಕಲ್ಲು ನೆಟ್ಟವರು ಯಾರು? ಭಾಮೈದನ ಕಂಪನಿಯವರು. ಅಲ್ಲಿಗೆ ಮುಗಿಯಿತು. ಈ ಕೊನೆಯ ತಿರುವಿನ ಸೊಗಸಿಗೆ ಅವನಿಗೆ ತನ್ನ ಮೇಲೇ ಮೆಚ್ಚುಗೆಯಾಯಿತು. ಉಂಗುರದ ಹಾಗೆಯೇ, ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರುತ್ತಿತ್ತು.

ತನಗೆ ತಾನು ಒಂದೇ ಒಂದು ಕಟ್ಟಳೆ ಹಾಕಿಕೊಂಡ. ಸಭೆಯಲ್ಲಿ ಸುದ್ದಿ ತಾನಾಗಿ ಬರಬೇಕು. ಸುದ್ದಿ ಮೊದಲು, ಅವನು ಆಮೇಲೆ. ಆಮೇಲೆ ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಳ್ಳುತ್ತ ಪಳಗಿಸಿದ. "ಸೇತುವೆಯ ಬಳಿ ಒಂದು ಕೇಬಲ್ಲು ತುಂಡಾಯಿತು, ಇಡೀ ಪೂರ್ವ ಕುರುಡಾಯಿತು. ಉಂಗುರವಾಗಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ." ಜೋರಾಗಿ ಹೇಳಬಾರದು. ನೊಂದವನ ಹಾಗೆ ಹೇಳಬೇಕು.

ಕಲ್ಲು ಸರಿಸಲು ಅವನು ಆರಿಸಿಕೊಂಡದ್ದು ನಡುಮಧ್ಯಾಹ್ನ. ಕತ್ತಲಲ್ಲಿ ಹಾರೆ ಹಿಡಿದವನನ್ನು ಎಲ್ಲರೂ ನೋಡುತ್ತಾರೆ. ಬಿಸಿಲಲ್ಲಿ ಹಾರೆ ಹಿಡಿದವನನ್ನು ಯಾರೂ ನೋಡುವುದಿಲ್ಲ. ಕಿತ್ತಳೆ ಅಂಗಿ, ಹಳದಿ ಹೆಲ್ಮೆಟ್ಟು, ಮೂಗಿಗೆ ಧೂಳಿನ ಬಟ್ಟೆ. ಸೇತುವೆಯ ಬುಡದಲ್ಲಿ ಹಣ್ಣು ಮಾರುವ ಹೆಂಗಸು ಅವನನ್ನು ಕಂಡು ಹಣೆ ಚಚ್ಚಿಕೊಂಡಳು.

"ಮತ್ತೆ ಬಂದ್ರಾ? ಮೊನ್ನೆ ಮೊನ್ನೆ ಮುಚ್ಚಿ ಹೋದ್ರಿ!"

"ನಾವಲ್ಲಮ್ಮ, ಅದು ಬೇರೆಯವರು."

"ಎಲ್ರೂ ಇದನ್ನೇ ಹೇಳೋದು. ಅಗೆಯೋರು ಬೇರೆ, ಮುಚ್ಚೋರು ಬೇರೆ, ಧೂಳು ಕುಡಿಯೋಳು ಮಾತ್ರ ನಾನೊಬ್ಳೇ."

ಸಂಚಾರ ಪೊಲೀಸಿನವನೊಬ್ಬ ತಾನಾಗಿ ಬಂದು ಸೈಕಲ್ಲುಗಳನ್ನು ಆಚೆ ತಿರುಗಿಸಿ ಅವನಿಗೆ ಜಾಗ ಮಾಡಿಕೊಟ್ಟ. "ಬೇಗ ಮುಗಿಸಿ ಸಾರ್," ಎಂದ. ನಗರ ತನ್ನ ಕುತ್ತಿಗೆಯನ್ನು ತಾನೇ ಚಾಚಿಕೊಡುತ್ತಿದೆ ಎಂದು ಅವನಿಗೆ ನಗು ಬಂತು. ಎರಡೂ ಕಲ್ಲುಗಳು ಅಲುಗಿ, ಮೇಲೆದ್ದು, ಬಲಕ್ಕೆ ಹೋಗಿ ಕೂತವು. ಹಳೆಯ ಗುಂಡಿಗಳಿಗೆ ಮಣ್ಣು ತುಂಬಿ ತುಳಿದು ಒಣ ಧೂಳು ಎರಚಿದ. ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ಸುತ್ತ ನೋಡಿದಾಗ, ದೂರದಲ್ಲಿ ರೈಲು ಹಳಿಯ ಗುಂಟ ಹೊಸ ಮಣ್ಣಿನ ಸಣ್ಣ ಏರಿಯೊಂದು ಉದ್ದಕ್ಕೂ ಹೋಗಿದ್ದು ಕಂಡಿತು. ಯಾರೋ ಏನೋ ಹೂತಿದ್ದಾರೆ. ಈ ಊರಿನಲ್ಲಿ ಹೂಳುವುದೊಂದೇ ಅಲ್ಲವೇ ನಿಲ್ಲದೆ ನಡೆಯುವ ಕೆಲಸ, ಎಂದುಕೊಂಡು ಹಾರೆ ಹೆಗಲಿಗೇರಿಸಿದ.

ಸಭೆಯ ದಿನ ಬೆಳಿಗ್ಗೆ ಅವನು ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಿದ್ದಾಗ ಹೆಂಡತಿ ತಲೆ ಬಾಚಿಕೊಳ್ಳುತ್ತ ಹೊರಗೆ ಬಂದಳು.

"ಅಮ್ಮನ್ನ ಪೂರ್ವದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ನಿನ್ನೆಯಿಂದ ಎದೆ ಹಿಡಿದ ಹಾಗೆ ಆಗ್ತಿದೆಯಂತೆ. ಹೃದಯದ ದೊಡ್ಡ ಡಾಕ್ಟ್ರು ಅಲ್ಲಿರಲ್ಲ, ಇವರು ಇಸಿಜಿ ತೆಗೆದು ಕಳಿಸಿದ್ದನ್ನ ಊರ ಮಧ್ಯದ ದೊಡ್ಡ ಆಸ್ಪತ್ರೆಲೇ ಕೂತು ನೋಡಿ ಹೇಳ್ತಾರಂತೆ. ಎಲ್ಲ ನನ್ನ ತಮ್ಮನ ಕೇಬಲ್ಲಲ್ಲೇ ಹೋಗೋದಂತೆ."

ಲೇಸು ಹಿಡಿದಿದ್ದ ಅವನ ಕೈ ನಿಂತಿತು. ನಾಳೆ ಹೋಗಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಯಾಕೆ ನಾಳೆ ಎಂದು ಇವಳು ಕೇಳುತ್ತಾಳೆ. ಈಗ ಕೇಳದಿದ್ದರೂ ಸಂಜೆ ನೆನಪಿಸಿಕೊಳ್ಳುತ್ತಾಳೆ. ವಿನ್ಯಾಸ ಒಮ್ಮೆ ಮುಗಿದ ಮೇಲೆ ಯಾರದೋ ಎದೆನೋವಿಗಾಗಿ ಗೆರೆ ಬದಲಿಸುವುದು ಭಾಮೈದನಂಥವರ ಕೆಲಸ. ಒಂದೆರಡು ಗಂಟೆ ತಡವಾದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಏನಾದರೂ ಆದರೆ ಅದು ಬೆರಳಿನ ದೋಷ, ಕಡಿದವನದಲ್ಲ. ಅವನು ಲೇಸು ಬಿಗಿದು, ಇನ್ನೊಂದು ಶೂ ಎತ್ತಿಕೊಂಡ.

"ಹುಷಾರು," ಎಂದ.

"ಅವನ ಜೊತೆ ಜಗಳ ಮಾಡ್ಬೇಡಿ ರೀ."

"ನಾನ್ಯಾಕೆ ಮಾಡ್ಲಿ? ಇವತ್ತು ಅವನ ಕೆಲಸಾನೇ ಮಾತಾಡುತ್ತೆ."

ಸಭೆಯ ಕೋಣೆಗೆ ಕಿಟಕಿಗಳಿರಲಿಲ್ಲ. ಉದ್ದನೆಯ ಮೇಜು, ಮುಚ್ಚಳವಿಟ್ಟ ನೀರಿನ ಲೋಟಗಳು, ತಂಪು ಗಾಳಿಯ ಯಂತ್ರದ ಸಣ್ಣ ಗೊಣಗು. ಅದೇ ಸದಸ್ಯರು, ಆಕಳಿಸುವವನು ಆಗಲೇ ಆಕಳಿಸಿದ್ದ. ಮೊದಲ ಮಾತು ಭಾಮೈದನದು. ಅವನು ಎದ್ದು, ಯಾಕೋ ಈ ಸಲ ಕೈ ಚಾಚದೆ, ಎದುರಿಗೆ ಕೂತಿದ್ದ ಭಾವನ ಕಡೆ ನೋಡಿ ಸ್ವಲ್ಪ ನಕ್ಕ.

"ಮೇಡಂ, ಕೆಲಸದ ವಿಷಯಕ್ಕೆ ಮುಂಚೆ ಒಂದು ಮಾತು. ಇದರಲ್ಲಿ ಒಬ್ಬರ ಹೆಸರು ಹೇಳೋದಿದೆ..."

ತಟ್ಟೆ ಬಿತ್ತು.

ಎಲ್ಲರೂ ಬೆಚ್ಚಿದರು. ಬೆಳಕಿನ ಸೋರಿಕೆಯ ಬಗ್ಗೆ ಕೇಳಿದ್ದ ಸದಸ್ಯ ಬಗ್ಗಿ ಮೇಜಿನ ಕೆಳಗೆ ತಟ್ಟೆ ಹುಡುಕಿದ. ಭಾಮೈದ ಜೇಬಿನಿಂದ ಫೋನು ತೆಗೆದ. ಹೆಬ್ಬೆರಳು ಎರಡು ಸಲ ಆಡಿತು. ಮುಖದಲ್ಲಿ ಏನೋ ಒಂದು ಹಾದುಹೋಯಿತು. ಹೆದರಿಕೆ, ಮತ್ತೇನು, ಎಂದು ಅವನು ಓದಿಕೊಂಡ. ನಂತರ ಭಾಮೈದ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, "ಕ್ಷಮಿಸಿ ಮೇಡಂ, ಎಲ್ಲಿದ್ದೆ?" ಎಂದ.

ಇದನ್ನು ಅವನು ನಿರೀಕ್ಷಿಸಿರಲಿಲ್ಲ. ಬೆವರುತ್ತಾನೆ, ತೊದಲುತ್ತಾನೆ, ಹೊರಗೆ ಓಡುತ್ತಾನೆ ಎಂದೆಲ್ಲ ಎಣಿಸಿದ್ದ. ಇಡೀ ಪೂರ್ವ ಕತ್ತಲಾಗಿರುವಾಗ ಫೋನು ಬೋರಲು ಹಾಕಿ ನಗುತ್ತ ನಿಲ್ಲುವಷ್ಟು ನಾಚಿಕೆಗೇಡಿಯೆಂದು ಎಣಿಸಿರಲಿಲ್ಲ. ಮುಚ್ಚಿಹಾಕುತ್ತಾನೆ. ಮಾತಾಡಿ ಮಾತಾಡಿ ಸಭೆ ಮುಗಿಸಿ, ನಾಲ್ಕೂ ಬೆರಳು ಗೆದ್ದುಕೊಂಡು, ಆಮೇಲೆ ಹೋಗಿ ಬೆಸೆಯುತ್ತಾನೆ. ಸುದ್ದಿ ಮೊದಲು ಎಂಬ ಕಟ್ಟಳೆ ಅವನಿಗೆ ನೆನಪಿತ್ತು. ಆದರೆ ಸುದ್ದಿ ಅಲ್ಲೇ ಮೇಜಿನ ಮೇಲೆ ಬೋರಲು ಬಿದ್ದಿತ್ತಲ್ಲ.

"ಒಂದು ನಿಮಿಷ ಮೇಡಂ," ಎಂದು ಅವನು ಎದ್ದ. "ಈಗ ಬಂತಲ್ಲ, ಅದು ಏನು ಸದ್ದು ಅಂತ ಕೇಳಿ."

"ಸಣ್ಣದು ಮೇಡಂ," ಎಂದ ಭಾಮೈದ. "ಆಮೇಲೆ ನೋಡ್ತೀನಿ. ಭಾವ, ಕೂತ್ಕೊಳ್ಳಿ, ನಿಮ್ಮ ವಿಷಯಾನೇ ಹೇಳ್ತಿದ್ದೆ."

"ಸಣ್ಣದು!" ಕನ್ನಡಿಯ ಮುಂದೆ ಪಳಗಿಸಿದ ಮಾತು ಇಡಿಯಾಗಿ, ತಾನಾಗಿ ಹೊರಗೆ ಬಂತು. "ಸೇತುವೆ ಹತ್ರ ಕೇಬಲ್ಲು ತುಂಡಾಗಿದೆ ಮೇಡಂ. ಇಡೀ ಪೂರ್ವ ಕುರುಡಾಗಿದೆ. ಇವನು ಇಲ್ಲಿ ನಿಂತು ನಗ್ತಾ ಇದಾನೆ. ಉಂಗುರವಾಗಿದ್ರೆ ಯಾರಿಗೂ ತಿಳೀತಾನೇ ಇರ್ಲಿಲ್ಲ. ಬೇಕಿದ್ರೆ ಪೂರ್ವದಲ್ಲಿರೋ ಯಾರಿಗಾದ್ರೂ ಫೋನ್ ಮಾಡಿ. ಒಂದ್ಸಲ ಗಂಟೆ ಹೊಡೀಲಿ, ನೋಡೋಣ!"

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ಒಬ್ಬೊಬ್ಬರನ್ನೇ ನೋಡಿದರು. "ಪೂರ್ವದಲ್ಲಿ ಯಾರಿದ್ದಾರೆ ಈಗ?"

"ನಮ್ಮಕ್ಕ ಇದಾರೆ ಮೇಡಂ," ಎಂದ ಭಾಮೈದ. "ಅಮ್ಮನ್ನ ಕರ್ಕೊಂಡು ಅಲ್ಲಿನ ಆಸ್ಪತ್ರೆಗೆ ಹೋಗಿದಾರೆ."

ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಜಿನ ನಡುವೆ ಇಟ್ಟ. ಗಂಟೆ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು.

"ಹೇಳೋ," ಎಂದಿತು ಅವನ ಹೆಂಡತಿಯ ದನಿ, ಪಕ್ಕದಲ್ಲೇ ನಿಂತಷ್ಟು ಸ್ಪಷ್ಟವಾಗಿ. "ಅಮ್ಮನದು ಆಯ್ತು ಕಣೋ. ದೊಡ್ಡ ಡಾಕ್ಟ್ರು ಅಲ್ಲಿಂದಲೇ ನೋಡಿದ್ರು, ಈಗ ತಾನೆ ಮಾತಾಡಿದ್ರು. ಎದೆಗೇನೂ ಆಗಿಲ್ಲ, ಬರೀ ಗ್ಯಾಸಂತೆ. ನಿಮ್ಮ ಭಾವ ಬಂದಿದಾರಾ? ಏನಾದ್ರೂ ಅಂದ್ರೆ ಎದುರು ಮಾತಾಡ್ಬೇಡ, ಆಯ್ತಾ? ಬೆಳಿಗ್ಗೆನೇ ಮುಖ ಗಂಟು ಹಾಕ್ಕೊಂಡು ಹೋದ್ರು."

"ಆಯ್ತಕ್ಕ," ಎಂದು ಭಾಮೈದ ಫೋನು ತೆಗೆದುಕೊಂಡ. ಯಾರೋ ನಗುವನ್ನು ಕೆಮ್ಮಾಗಿ ಮಾರ್ಪಡಿಸಿದರು.

ಅವನು ನಿಂತೇ ಇದ್ದ. ಕೂರಬೇಕೆಂಬುದು ಮರೆತುಹೋಗಿತ್ತು. ಯಂತ್ರ ಇನ್ನೂ ಶುರುವೇ ಆಗಿಲ್ಲವೇ? ಆದರೆ ತಟ್ಟೆ ಬಿತ್ತು. ಬೆಳಕು ನಿಲ್ಲದೆ ಆ ತಟ್ಟೆ ಬೀಳುವುದಿಲ್ಲ, ಅದನ್ನು ಇಟ್ಟವನೇ ತಾನು. ಬೆಳಕು ನಿಂತಿದೆ, ಮಾತು ಬರುತ್ತಿದೆ. ಇವೆರಡೂ ಒಟ್ಟಿಗೆ ನಿಜವಾಗುವ ವಿನ್ಯಾಸ ಜಗತ್ತಿನಲ್ಲಿ ಒಂದೇ ಇತ್ತು, ಮತ್ತು ಅದು ಅವನದಾಗಿತ್ತು.

"ಭಾವ ಹೇಳಿದ್ದು ಸರಿ ಮೇಡಂ," ಎಂದ ಭಾಮೈದ ಮೆಲ್ಲಗೆ. "ಬೆಳಕು ನಿಂತಿದ್ದು ನಿಜ. ಆದ್ರೆ ಆ ಕಡೆಯಿಂದ ಸುತ್ತಿ ಹೋಗ್ತಿದೆ. ಒಂದಿನ ಊಟ ಮಾಡ್ತಾ ಇವರು ಮೇಜಿನ ಮೇಲೆ ನೀರಲ್ಲಿ ಗೆರೆ ಎಳೆದು ತೋರಿಸಿದ್ರು. ಮನೆಗೆ ಹೋದ್ರೂ ನಿದ್ದೆ ಬರ್ಲಿಲ್ಲ ನನಗೆ. ಉಳಿದ ಕೇಬಲ್ಲಲ್ಲೇ ರೈಲು ಹಳಿ ಪಕ್ಕ ಅದನ್ನ ಹಾಕಿಸ್ಬಿಟ್ಟೆ. ಬಂದು ನೋಡಿ ಅಂತ ಎಷ್ಟು ಸಲ ಕರೆದೆ, ಬರ್ಲೇ ಇಲ್ಲ. ನಾನು ಹೇಳ್ಬೇಕಂತಿದ್ದ ಹೆಸರು ಇವರದೇ. ಉಳಿದ ನಾಲ್ಕು ಬೆರಳಿಗೂ ಉಂಗುರ ಇವರೇ ಹಾಕ್ಲಿ ಅಂತ ಕೇಳೋನಿದ್ದೆ."

ತಂಪು ಗಾಳಿಯ ಯಂತ್ರ ಗೊಣಗುತ್ತಲೇ ಇತ್ತು. ಅಧ್ಯಕ್ಷೆ ಈಗ ಯಾರ ಅಂಗೈಯನ್ನೂ ನೋಡುತ್ತಿರಲಿಲ್ಲ, ಅವನ ಮುಖವನ್ನು ನೋಡುತ್ತಿದ್ದರು. ಭಾಮೈದ ಫೋನಿನ ಪರದೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದ. ಅವನ ಹುಬ್ಬು ನಿಧಾನವಾಗಿ ಕೂಡಿಕೊಂಡಿತು. ತಲೆಯೆತ್ತಿ ಕೇಳಿದಾಗ ಆ ದನಿಯಲ್ಲಿ ಅನುಮಾನವಿರಲಿಲ್ಲ. ಹಿಂದೆ ಪಕ್ಕದಲ್ಲಿ ಕೂತು ಬೆಸೆಯುವುದನ್ನು ಕಲಿಯುತ್ತಿದ್ದಾಗ ಕೇಳುತ್ತಿದ್ದ ಹಾಗೆಯೇ, ತಿಳಿದುಕೊಳ್ಳುವ ಆಸೆಯಿಂದ ಕೇಳಿದ. "ಭಾವ, ಇದರಲ್ಲಿ ಪೂರ್ವದಲ್ಲಿ ಎಲ್ಲೋ ಒಂದು ಕಡೆ ತುಂಡಾಗಿದೆ ಅಂತ ಮಾತ್ರ ಇದೆ. ಎಲ್ಲಿ ಅಂತ ನಮ್ಮವರು ಇನ್ನೂ ಹುಡುಕ್ತಾ ಇದಾರೆ. ಸೇತುವೆ ಹತ್ರ ಅಂತ ನಿಮಗೆ ಯಾರು ಹೇಳಿದ್ರು?"